ನಾನ್‌ಸ್ಟ್ರೈಕರ್ ಮಹಾತ್ಮೆ

ಆಟಗಾರನ ಹೆಸರು ಅವನ ಕೈಯಲ್ಲಿಲ್ಲ, ಇನ್ನೊಂದು ತುದಿಯಲ್ಲಿ ನಿಂತವನ ಕೈಯಲ್ಲಿದೆ ಎಂಬುದು ನನ್ನ ಸಿದ್ಧಾಂತ. ಇದನ್ನು ಮಂಡಿಸಲು ನನಗೇನು ಅರ್ಹತೆ ಎಂದು ಕೇಳಬೇಡಿ. ಗಲ್ಲಿ ಕ್ರಿಕೆಟ್ಟಿನಲ್ಲೂ ನನ್ನನ್ನು ಚರಂಡಿ ಪಕ್ಕ ನಿಲ್ಲಿಸುತ್ತಿದ್ದರು, ಚೆಂಡು ಒಳಗೆ ಬಿದ್ದರೆ ಎತ್ತಿಕೊಡಲಿಕ್ಕೆ. ಆದ್ದರಿಂದಲೇ ನನ್ನ ಅಭಿಪ್ರಾಯಗಳು ಇಷ್ಟು ಖಚಿತ. ಆಡಿದವರಿಗೆ ಅನುಮಾನಗಳಿರುತ್ತವೆ, ಚರಂಡಿ ಪಕ್ಕ ನಿಂತು ನೋಡಿದವರಿಗೆ ಯಾವ ಅನುಮಾನವೂ ಇರುವುದಿಲ್ಲ.

ಸಿದ್ಧಾಂತ ಬೆಳೆದದ್ದು ನಮ್ಮ ಭಾವನ ಕೃಪೆಯಿಂದ. ಅಕ್ಕನ ಕೈ ಹಿಡಿದು ಬಂದ ದಿನದಿಂದಲೂ ಅವರು ಗವಾಸ್ಕರ್ ಭಕ್ತರು, ನಾನು ಗುಂಡಪ್ಪ ವಿಶ್ವನಾಥ್ ಪಕ್ಷ. ಆ ಇಬ್ಬರೂ ಭಾವಮೈದುನರೇ ಎಂಬುದು ನಮ್ಮ ಜಗಳಕ್ಕೊಂದು ಕೌಟುಂಬಿಕ ಘನತೆ ತಂದುಕೊಟ್ಟಿದೆ. ಗವಾಸ್ಕರ್ ಅವರ ಸೋದರಿಯನ್ನು ವಿಶ್ವನಾಥ್ ಮದುವೆಯಾದರು. ಮದುವೆಯಾದ ಮೇಲೆ ಅವರಿಬ್ಬರೂ ತೆಪ್ಪಗಾದರು, ನಾವಿಬ್ಬರು ಆಗಲಿಲ್ಲ.

“ಗವಾಸ್ಕರ್ ಸೆಂಚುರಿ 34. ನಿಮ್ಮ ವಿಶಿಯದೆಷ್ಟಪ್ಪಾ?” ಎನ್ನುತ್ತಾರೆ ಭಾವ, ಗೊತ್ತಿದ್ದೂ.

“ಹದಿನಾಲ್ಕು. ಆದರೆ ಭಾವ, ಆ ಹದಿನಾಲ್ಕರಲ್ಲಿ ಒಂದು ಮ್ಯಾಚನ್ನೂ ಇಂಡಿಯಾ ಸೋತಿಲ್ಲ.”

“ಗೆದ್ದದ್ದೆಷ್ಟು?”

“ನಾಲ್ಕು” ಎಂದು ಕಾಫಿ ಲೋಟದೊಳಕ್ಕೆ ಹೇಳುತ್ತೇನೆ.

ಇಂಥ ಹೊತ್ತಿಗೆಂದೇ ನಾನು 1975ರ ಜೂನ್ 7ನ್ನು ಕಾದಿಟ್ಟುಕೊಂಡಿದ್ದೇನೆ. ಲಾರ್ಡ್ಸ್‌ನಲ್ಲಿ ಮೊಟ್ಟಮೊದಲ ವಿಶ್ವಕಪ್‌ನ ಮೊದಲ ದಿನ. ಇಂಗ್ಲೆಂಡ್ 60 ಓವರಿನಲ್ಲಿ 334 ಹೊಡೆದಿತ್ತು. ಗವಾಸ್ಕರ್ ಮೊದಲ ಓವರಿನಿಂದ ಕೊನೆಯ ಓವರಿನವರೆಗೆ ನಿಂತು 174 ಎಸೆತಗಳಲ್ಲಿ 36 ರನ್ ಮಾಡಿ, ಔಟಾಗದೆ, ಹಾಗೇ ವಾಪಸ್ ಬಂದರು. ಭಾರತದ ಮೊತ್ತ 3 ವಿಕೆಟ್‌ಗೆ 132. ಈ ಕಥೆ ಲೋಕಕ್ಕೆಲ್ಲ ಗೊತ್ತು. ಆ ದಿನ ಭಾರತದ ಪರ ಅತಿ ಹೆಚ್ಚು ರನ್ ಮಾಡಿದ್ದು ಯಾರು? ವಿಶ್ವನಾಥ್. 59 ಎಸೆತಗಳಲ್ಲಿ 37. ಒಂದೇ ಒಂದು ರನ್ ಹೆಚ್ಚು, ಆದರೆ ನೂರಹದಿನೈದು ಎಸೆತ ಕಡಿಮೆ. ಅಂದು ಸ್ವಲ್ಪವಾದರೂ ಕ್ರಿಕೆಟ್ ಆಡಿದವರನ್ನು ಯಾರೂ ನೆನೆಯುವುದಿಲ್ಲ. ಆಡದೆ ನಿಂತವರ ಹೆಸರು ಐವತ್ತು ವರ್ಷಗಳಿಂದ ಓಡುತ್ತಿದೆ. ಭಾವ ಈ ಮಾತಿಗೆ ಉತ್ತರ ಕೊಡುವುದಿಲ್ಲ. “ಚಕ್ಕುಲಿ ಮೆತ್ತಗಾಗಿದೆಯಲ್ಲೇ” ಎಂದು ಅಕ್ಕನ ಕಡೆ ತಿರುಗುತ್ತಾರೆ.

ಹಾಗೆಂದು ನಮ್ಮವರಿಗೆ ಇನ್ನೊಂದು ತುದಿಯಿಂದ ಅನ್ಯಾಯವೇ ಆಯಿತೆಂದಲ್ಲ. ವಿಶ್ವನಾಥ್ ಅವರ ಅತಿ ದೊಡ್ಡ ಹೆಸರಿರುವುದು ಯಾವ ಸೆಂಚುರಿಯಲ್ಲೂ ಅಲ್ಲ, 97ರಲ್ಲಿ. 1975ರ ಜನವರಿ, ಮದ್ರಾಸು. ವೆಸ್ಟ್ ಇಂಡೀಸಿನ ಆ್ಯಂಡಿ ರಾಬರ್ಟ್ಸ್ ಒಂದು ಕಡೆಯಿಂದ ಬಂದವರನ್ನೆಲ್ಲ ಕಳಿಸುತ್ತಿದ್ದರೆ ಇವರು ಸ್ಕ್ವೇರ್ ಕಟ್ ಮಾಡುತ್ತ ಕೂತರು. ಇಡೀ ತಂಡ 190, ಇವರೊಬ್ಬರೇ 97. ಮೂರು ರನ್ ಬೇಕಾಗಿದ್ದಾಗ ಇನ್ನೊಂದು ತುದಿಯಲ್ಲಿ ಔಟಾದವರು ನಮ್ಮ ಬೆಂಗಳೂರಿನವರೇ ಆದ ಬಿ.ಎಸ್. ಚಂದ್ರಶೇಖರ್. ಅವರೇನಾದರೂ ಇನ್ನೆರಡು ಓವರು ನಿಂತಿದ್ದರೆ ಅದು ನೂರರ ಪಟ್ಟಿಯಲ್ಲಿ ಹದಿನೈದನೆಯದಾಗಿ ಸೇರಿ ಮರೆತುಹೋಗುತ್ತಿತ್ತು. ಔಟಾದದ್ದರಿಂದ ಅಮರವಾಯಿತು. ಭಾರತ ಆ ಪಂದ್ಯವನ್ನು ಗೆದ್ದಿತೆಂಬುದನ್ನು ಭಾವನ ಎದುರು ಒತ್ತಿ ಹೇಳುತ್ತಿರುತ್ತೇನೆ.

ಚಂದ್ರಶೇಖರ್ ವಿಷಯ ಬಂದಿದ್ದರಿಂದ ಒಂದು ಮಾತು. ಚಿಕ್ಕಂದಿನಲ್ಲಿ ಪೋಲಿಯೊ ಬಡಿದು ಸಣಕಲಾದ ಬಲಗೈಯಿಂದಲೇ ಟೆಸ್ಟ್‌ನಲ್ಲಿ 242 ವಿಕೆಟ್ ಕಿತ್ತ ಮನುಷ್ಯ. 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ ಆರು ವಿಕೆಟ್ ತೆಗೆದು ಇಂಗ್ಲೆಂಡಿನ ನೆಲದಲ್ಲಿ ನಮಗೆ ಮೊದಲ ಗೆಲುವು ತಂದುಕೊಟ್ಟವರು. ಬ್ಯಾಟಿಂಗಿನಲ್ಲಿ ಜೀವಮಾನದ ಒಟ್ಟು ಸಂಪಾದನೆ 167 ರನ್. ಆಸ್ಟ್ರೇಲಿಯಾ ಪ್ರವಾಸದಲ್ಲಿ ನಾಲ್ಕು ಸೊನ್ನೆ ಸುತ್ತಿದ್ದಕ್ಕೆ ಅಲ್ಲಿಯ ಬ್ಯಾಟ್ ಕಂಪನಿಯವರು ನಡುವೆ ತೂತು ಕೊರೆದ ಬ್ಯಾಟೊಂದನ್ನು ಉಡುಗೊರೆ ಕೊಟ್ಟರು. ಸೊನ್ನೆಯಿಂದಲೂ ಇಷ್ಟು ಪ್ರೀತಿ ಗಳಿಸಬಹುದೆಂದು ತೋರಿಸಿದವರು ಅವರೊಬ್ಬರೇ. ಅವರ ಹೆಸರು ಪೂರ್ತಿ ನ್ಯಾಯವಾದದ್ದು, ಅದರ ಬಗ್ಗೆ ಚರ್ಚೆ ಬೇಡ.

ಚರ್ಚೆ ಬೇಕಾದದ್ದು ವಿಶ್ವನಾಥ್ ಅವರ ಸಜ್ಜನಿಕೆಯ ಬಗ್ಗೆ. 1980ರಲ್ಲಿ ನಮ್ಮ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಟೆಸ್ಟ್, ಬೊಂಬಾಯಿ. ಅಂಪೈರ್ ಔಟ್ ಕೊಟ್ಟಿದ್ದ ಇಂಗ್ಲೆಂಡಿನ ಬಾಬ್ ಟೇಲರ್ ಅವರನ್ನು ನಾಯಕ ವಿಶ್ವನಾಥ್ ವಾಪಸ್ ಕರೆದರು. ಇನ್ನೊಂದು ತುದಿಯಲ್ಲಿ ಯಾರಿದ್ದರೆಂದು ಒಮ್ಮೆ ನೋಡಿ ಕರೆಯಬಹುದಿತ್ತು. ಇದ್ದದ್ದು ಇಯಾನ್ ಬೋಥಮ್. ಇಬ್ಬರೂ ಸೇರಿ 171 ರನ್ ಕೂಡಿಸಿದರು, ಬೋಥಮ್ ಸೆಂಚುರಿ ಹೊಡೆದು ಸಾಲದೆಂಬಂತೆ 13 ವಿಕೆಟ್ ತೆಗೆದರು, ನಾವು ಹತ್ತು ವಿಕೆಟ್‌ಗಳಿಂದ ಸೋತೆವು. ಸಜ್ಜನಿಕೆಯ ಹೆಸರು ವಿಶ್ವನಾಥ್ ಅವರದಾಯಿತು, ಅದರ ಬಿಲ್ಲು ದೇಶದ ಪಾಲಿಗೆ ಬಂತು. ಭಾವ ಈ ಪಂದ್ಯವನ್ನು ವರ್ಷಕ್ಕೊಮ್ಮೆಯಾದರೂ ಎತ್ತುತ್ತಾರೆ. ಆಗ ಚಕ್ಕುಲಿ ವಿಷಯ ತೆಗೆಯುವ ಸರದಿ ನನ್ನದು.

ಇನ್ನು ರಾಹುಲ್ ದ್ರಾವಿಡ್. ಇನ್ನೊಂದು ತುದಿಯಿಂದ ಇಷ್ಟು ನೊಂದ ಮನುಷ್ಯ ಕ್ರಿಕೆಟ್ ಚರಿತ್ರೆಯಲ್ಲಿ ಇನ್ನೊಬ್ಬನಿಲ್ಲ. 1996ರಲ್ಲಿ ಲಾರ್ಡ್ಸ್‌ನಲ್ಲಿ ಮೊದಲ ಟೆಸ್ಟಿನಲ್ಲೇ 95 ಹೊಡೆದರು. ಯಾವ ಹುಡುಗನಿಗಾದರೂ ಮರುದಿನದ ಪತ್ರಿಕೆಯಲ್ಲಿ ದೊಡ್ಡ ಫೋಟೊ ಗ್ಯಾರಂಟಿ. ಆದರೆ ಅದೇ ಪಂದ್ಯದಲ್ಲಿ, ಅದೂ ಮೊದಲ ಟೆಸ್ಟ್ ಆಡುತ್ತಲೇ, ಗಂಗೂಲಿ 131 ಹೊಡೆದಿದ್ದರು. 1999ರ ವಿಶ್ವಕಪ್, ಟಾಂಟನ್: ದ್ರಾವಿಡ್ 145, ಗಂಗೂಲಿ 183. ಅದೇ ವರ್ಷ ಹೈದರಾಬಾದ್: ದ್ರಾವಿಡ್ 153, ತೆಂಡೂಲ್ಕರ್ 186. ಎರಡು ವರ್ಷ ಬಿಟ್ಟು ಕೋಲ್ಕತ್ತಾ: ದ್ರಾವಿಡ್ 180, ಲಕ್ಷ್ಮಣ್ 281. ಪ್ರತಿ ಸಲವೂ ಇವರು ಊಟ ಬಡಿಸಿ ಕೈ ತೊಳೆಯುವ ಹೊತ್ತಿಗೆ ತಾಂಬೂಲ ಬೇರೆಯವರ ಕೈಯಲ್ಲಿರುತ್ತಿತ್ತು.

ಕೊನೆಗೆ ಜನ ಅವರಿಗೊಂದು ಬಿರುದು ಕೊಟ್ಟರು, ಗೋಡೆ ಎಂದು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಅವರ ಗೌರವಕ್ಕೆ ನಿಜವಾದ ಇಟ್ಟಿಗೆಯ ಗೋಡೆಯನ್ನೇ ಕಟ್ಟಿಸಿದರು. ಈ ಬಿರುದು ಹೊಗಳಿಕೆಯೋ ಬೈಗುಳವೋ ನನಗಿನ್ನೂ ತೀರ್ಮಾನವಾಗಿಲ್ಲ. ಗೋಡೆ 22 ಎಸೆತದಲ್ಲಿ ಐವತ್ತು ಹೊಡೆಯುತ್ತದೆಯೇ? ಇವರು 2003ರಲ್ಲಿ ನ್ಯೂಜಿಲೆಂಡ್ ಎದುರು ಹೊಡೆದಿದ್ದಾರೆ. ಗೋಡೆ ಸತತ ಮೂರು ಸಿಕ್ಸರ್ ಎತ್ತುತ್ತದೆಯೇ? ಇವರು 2011ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಎತ್ತಿದ್ದಾರೆ, ತಮ್ಮ ಮೊದಲ ಅಂತರರಾಷ್ಟ್ರೀಯ ಟಿ20 ಪಂದ್ಯದಲ್ಲಿ. ಅದೇ ಅವರ ಕೊನೆಯದು ಕೂಡ.

ಹಾಗಾದರೆ ಗೋಡೆಯೆಂಬುದು ಸುಳ್ಳೇ? ಅದನ್ನೂ ಹೇಳಲಾರೆ. 2008ರ ಸಿಡ್ನಿ ಟೆಸ್ಟ್ ನೋಡಿದವರಿಗೆ ನೆನಪಿರಬೇಕು. 18 ರನ್ ಆಗಿದ್ದಾಗ ಅವರ ಸ್ಕೋರು ನಿಂತುಬಿಟ್ಟಿತು. ಒಂದು ಓವರ್ ಹೋಯಿತು, ಎರಡು ಹೋಯಿತು. ನಾನು ಸ್ನಾನ ಮುಗಿಸಿ ಬಂದಾಗಲೂ 18. ಅಕ್ಕ ದೋಸೆ ಹೊಯ್ದು ತಂದಳು, 18. ಟಿವಿ ಕೆಟ್ಟಿದೆಯೇ ಎಂದು ಅಮ್ಮ ಕೇಳಿದರು. ಇನ್ನೊಂದು ತುದಿಯಲ್ಲಿ ಮತ್ತದೇ ಲಕ್ಷ್ಮಣ್, ಸಿಡ್ನಿ ತಮ್ಮ ಸ್ವಂತ ಹಿತ್ತಿಲೆಂಬಂತೆ ಬೌಂಡರಿ ಹೊಡೆಯುತ್ತಿದ್ದರು. ನಲವತ್ತು ಎಸೆತಗಳ ನಂತರ ದ್ರಾವಿಡ್ ಒಂದು ರನ್ ಕದ್ದರು. ಇಡೀ ಮೈದಾನ ಚಪ್ಪಾಳೆ ತಟ್ಟಿತು, ಆಸ್ಟ್ರೇಲಿಯಾದ ಜನ! ಲಕ್ಷ್ಮಣ್ ಅವರ ಅಷ್ಟು ಬೌಂಡರಿಗಳಲ್ಲಿ ಇವತ್ತು ನನಗೊಂದೂ ನೆನಪಿಲ್ಲ. ಆ ಒಂದು ರನ್ ಕಣ್ಣಿಗೆ ಕಟ್ಟಿದಂತಿದೆ. ಟೆಸ್ಟ್ ಜೀವನದಲ್ಲಿ ಅವರು ಎದುರಿಸಿದ ಎಸೆತಗಳು 31,258. ಚಪ್ಪಾಳೆ ಗಿಟ್ಟಿಸಲು ಇಷ್ಟೊಂದು ದುಡಿದವರಿಗೆ ಸಿಗಬೇಕಾದ ಹೆಸರು ಪೂರ್ತಿ ಸಿಕ್ಕಿಲ್ಲವೆಂದೇ ನನ್ನ ತೀರ್ಪು. 2021ರಲ್ಲಿ ಒಂದು ಜಾಹೀರಾತಿನಲ್ಲಿ ಕಾರಿನಿಂದ ಎದ್ದು ನಿಂತು ‘ಇಂದಿರಾನಗರದ ಗೂಂಡಾ’ ಎಂದು ಕೂಗಿದ ಮೇಲೆ ಒಂದೇ ದಿನದಲ್ಲಿ ಅವರಿಗೆ ಸಿಕ್ಕ ಅಭಿಮಾನಿಗಳನ್ನು ನೋಡಿದರೆ, ಇದನ್ನು ಹದಿನೈದು ವರ್ಷ ಮುಂಚೆಯೇ ಮಾಡಬೇಕಿತ್ತು ಎನಿಸುತ್ತದೆ.

ಅನಿಲ್ ಕುಂಬ್ಳೆ ಚೆಂಡು ತಿರುಗಿಸುವುದಿಲ್ಲವೆಂದು ಹೇಳದ ತಜ್ಞನಿಲ್ಲ. ಆ ತಿರುಗದ ಚೆಂಡಿಗೆ ಟೆಸ್ಟ್‌ನಲ್ಲಿ 619 ಸಲ ಯಾರೋ ಒಬ್ಬರು ಔಟಾಗಿದ್ದಾರೆ. ಎಂ.ಜಿ. ರಸ್ತೆಯಲ್ಲಿ ಅವರ ಹೆಸರಿನ ಸರ್ಕಲ್ಲೇ ಇದೆ, ಅಲ್ಲಿ ಅರ್ಧ ಬೆಂಗಳೂರೇ ತಿರುಗುತ್ತದೆ. ಆದರೆ ನಾನು ಹೇಳಬೇಕಾದದ್ದು 1999ರ ಫೆಬ್ರವರಿಯಲ್ಲಿ ದೆಹಲಿಯ ಕೋಟ್ಲಾದಲ್ಲಿ ಅವರು ಪಾಕಿಸ್ತಾನದ ಹತ್ತೂ ವಿಕೆಟ್ ತೆಗೆದ ದಿನ ಇನ್ನೊಂದು ತುದಿಯಿಂದ ಬೌಲ್ ಮಾಡುತ್ತಿದ್ದವರ ಬಗ್ಗೆ. ಮೈಸೂರಿನ ಜಾವಗಲ್ ಶ್ರೀನಾಥ್. ಒಂಬತ್ತು ವಿಕೆಟ್ ಕುಂಬ್ಳೆಗೆ ಸಿಕ್ಕಿದ್ದವು. ಹತ್ತನೆಯದು ತಪ್ಪಿ ತನಗೆ ಸಿಕ್ಕಿಬಿಟ್ಟರೆ? ಶ್ರೀನಾಥ್ ಬೇಕೆಂದೇ ಆಫ್ ಸ್ಟಂಪಿನಿಂದ ಬಲು ದೂರ, ಬ್ಯಾಟ್ಸ್‌ಮನ್ ಕೈಚಾಚಿದರೂ ಎಟುಕದ ಹಾಗೆ ಎಸೆದರು. ವಿಕೆಟ್ ಬೀಳದಂತೆ ಬೌಲ್ ಮಾಡುವುದು ವೇಗದ ಬೌಲರಿಗೆ ಎಷ್ಟು ಕಷ್ಟವೆಂದು ಯಾರೂ ಬರೆದಿಲ್ಲ. ಅದೇ ತಿಂಗಳು, ಅದೇ ಪಾಕಿಸ್ತಾನದ ಎದುರು ಕೋಲ್ಕತ್ತಾದಲ್ಲಿ ಶ್ರೀನಾಥ್ ಒಂದು ಟೆಸ್ಟಿನಲ್ಲಿ 13 ವಿಕೆಟ್ ತೆಗೆದರು, ಎರಡನೇ ಇನ್ನಿಂಗ್ಸ್‌ನಲ್ಲೇ ಎಂಟು. ಭಾರತ ಸೋತಿತು. ಆ ಹದಿಮೂರನ್ನು ಜನ ಮರೆತಿದ್ದಾರೆ, ದೆಹಲಿಯ ಆ ವೈಡ್‌ಗಳನ್ನು ಮರೆತಿಲ್ಲ. ಮೈಸೂರಿನವರ ಸಂಕೋಚದ ಸ್ವಭಾವಕ್ಕೆ ಇದಕ್ಕಿಂತ ದೊಡ್ಡ ದಾಖಲೆ ಬೇಕಿಲ್ಲ.

ಇದೇ ಸಾಲಿನಲ್ಲಿ ತಿಲಕರತ್ನೆ ದಿಲ್ಶಾನ್ ಅವರಿಗೂ ಒಂದು ನಮಸ್ಕಾರ. 2013ರ ಏಪ್ರಿಲ್ 23ರಂದು ಚಿನ್ನಸ್ವಾಮಿಯ ಐಪಿಎಲ್ ಪಂದ್ಯದಲ್ಲಿ ಕ್ರಿಸ್ ಗೇಲ್ ಔಟಾಗದೆ 175 ಹೊಡೆದಾಗ ಜೊತೆಗಿದ್ದವರು ಇವರು. 36 ಎಸೆತಕ್ಕೆ 33, ಶ್ರದ್ಧೆಯಿಂದ.

ಕ್ರಿಕೆಟ್ ಸಾಕು. ಪ್ರಕಾಶ್ ಪಡುಕೋಣೆ ಅವರ ಬಗ್ಗೆ ಇವತ್ತಿನ ಹುಡುಗರನ್ನು ಕೇಳಿ ನೋಡಿ. “ದೀಪಿಕಾ ಪಡುಕೋಣೆ ಅಪ್ಪ ಅಲ್ವಾ?” ಎನ್ನುತ್ತಾರೆ. ನಮ್ಮ ಕಾಲದಲ್ಲಿ ನೆಟ್‌ನ ಇನ್ನೊಂದು ತುದಿಯಲ್ಲಿದ್ದವರು ಲಿಯೆಮ್ ಸ್ವೀ ಕಿಂಗ್. 1980ರ ಆಲ್ ಇಂಗ್ಲೆಂಡ್ ಫೈನಲ್. ಗಾಳಿಯಲ್ಲಿ ಹಾರಿ ಸ್ಮ್ಯಾಶ್ ಬಡಿಯುವ ಇಂಡೊನೇಷ್ಯಾದ ಆ ಚಾಂಪಿಯನ್ನನ್ನು ಪ್ರಕಾಶ್ ಎರಡೇ ಗೇಮ್‌ಗಳಲ್ಲಿ ಮಣಿಸಿದರು. ಬಡಿದಾಡಿ ಅಲ್ಲ, ಸುಮ್ಮನೆ ಷಟಲನ್ನು ನೆಟ್ ಪಕ್ಕ ಹಗುರಾಗಿ ಇಳಿಸಿ, ಹಿಂದಕ್ಕೆ ಎತ್ತಿ, ಓಡಾಡಿಸಿ.

ಈ ಮನುಷ್ಯ ಆಟ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್‌ನಲ್ಲಿ. ಅದು ಮದುವೆ ಹಾಲು. ಮದುವೆಯಿದ್ದ ದಿನ ಕೋರ್ಟಿನ ಗೆರೆಗಳ ಮೇಲೆ ಬಾಳೆಲೆ. ಹಾಗಾಗಿ ಭಾರತದ ಬ್ಯಾಡ್ಮಿಂಟನ್ ಭವಿಷ್ಯವನ್ನು ಆ ವರ್ಷಗಳಲ್ಲಿ ನಿರ್ಧರಿಸುತ್ತಿದ್ದವರು ಮಲ್ಲೇಶ್ವರದ ಪುರೋಹಿತರು. ವೈಶಾಖದ ಲಗ್ನಗಳಲ್ಲಿ ಪ್ರಾಕ್ಟೀಸು ಬಂದ್. ಆಷಾಢದಲ್ಲಿ, ಧನುರ್ಮಾಸದಲ್ಲಿ ಹಾಲು ಖಾಲಿ. ಆಷಾಢ ಅಶುಭವೆಂದು ಯಾರು ಹೇಳಿದರೋ! ಇಷ್ಟೆಲ್ಲ ಇದ್ದೂ 1971ರಿಂದ 1979ರವರೆಗೆ ಸತತ ಒಂಬತ್ತು ವರ್ಷ ರಾಷ್ಟ್ರೀಯ ಚಾಂಪಿಯನ್. ಮಗಳ ಸಿನಿಮಾಗಳನ್ನು ನಾನೂ ನೋಡಿದ್ದೇನೆ, ಚೆನ್ನಾಗಿಯೇ ಮಾಡುತ್ತಾರೆ. ಆದರೂ ಹೇಳುವ ಕ್ರಮ ಹೀಗಿರಬೇಕು: ದೀಪಿಕಾ, ಪ್ರಕಾಶ್ ಅವರ ಮಗಳು.

ಇನ್ನೊಂದು ತುದಿಯೇ ಎಲ್ಲವೂ ಎಂಬುದಕ್ಕೆ ಕಡೆಯ ಸಾಕ್ಷಿ ಕಂಬಳದ್ದು. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಪುಣ್ಯಾತ್ಮರು ತ್ರೈರಾಶಿ ಹಾಕಿ ನೂರು ಮೀಟರಿಗೆ 9.55 ಎಂದು ಲೆಕ್ಕ ತೆಗೆದರು. ಉಸೇನ್ ಬೋಲ್ಟ್ ದಾಖಲೆ 9.58. ಆಯಿತಲ್ಲ! ದೇಶಕ್ಕೆ ದೇಶವೇ ಎದ್ದು ಕೂತಿತು. ಕೇಂದ್ರದ ಕ್ರೀಡಾ ಸಚಿವರು ಟ್ರಯಲ್ಸ್‌ಗೆ ಕರೆದರು. ಬೋಲ್ಟ್‌ಗೆ ಕೆಸರಿರಲಿಲ್ಲ ಎಂದು ನಮ್ಮ ಭಾವ ವಾದಿಸಿದರು; ಬೋಲ್ಟ್‌ಗೆ ಮುಂದೆ ಎಳೆಯುವ ಕೋಣವೂ ಇರಲಿಲ್ಲ ಎಂದು ನಾನು ಪ್ರತಿವಾದಿಸಿದೆ. ಇಡೀ ಗದ್ದಲದಲ್ಲಿ ತಲೆ ನೆಟ್ಟಗಿದ್ದವರು ಗೌಡರೊಬ್ಬರೇ. ಬೋಲ್ಟ್ ವಿಶ್ವ ಚಾಂಪಿಯನ್, ನಾನು ಕೆಸರುಗದ್ದೆಯಲ್ಲಿ ಓಡುವವನು ಎಂದರು. ಶ್ರೇಯಸ್ಸು ಕೋಣಗಳಿಗೂ ಸಲ್ಲಬೇಕೆಂದರು. ಟ್ರಯಲ್ಸ್ ಬೇಡವೆಂದು ಮುಂದಿನ ಕಂಬಳಕ್ಕೆ ಹೋದರು. ಅದೇ ತಿಂಗಳು ವೇಣೂರಿನಲ್ಲಿ ನಿಶಾಂತ್ ಶೆಟ್ಟಿ ಆ ವೇಗವನ್ನೂ ಮೀರಿದರು. ಅಷ್ಟರಲ್ಲಿ ತ್ರೈರಾಶಿಯವರಿಗೆ ಸುಸ್ತಾಗಿತ್ತು. ಇನ್ನೊಂದು ತುದಿಯಲ್ಲಿದ್ದವರ ಹೆಸರನ್ನು ಮೈಕಿನ ಮುಂದೆ ತಾನಾಗಿ ಎತ್ತಿದ ಓಟಗಾರನಿಗೆ ಎಷ್ಟು ಹೆಸರು ಬಂದರೂ ನನ್ನ ತಕರಾರಿಲ್ಲ.

ಪಕ್ಕದಲ್ಲಿ ದೊಡ್ಡ ಹೆಸರಿನವರು ಯಾರೂ ನಿಲ್ಲದ ಆಟಗಳ ಗತಿ ಏನು? 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ನಡೆಯಿತು. ಭಾರತದ ಹೆಂಗಸರೂ ಗೆದ್ದರು, ಗಂಡಸರೂ ಗೆದ್ದರು, ಎರಡೂ ಫೈನಲ್‌ನಲ್ಲಿ ಎದುರಾಳಿ ನೇಪಾಳ. ಬೆನ್ನು ತಟ್ಟಿ ಖೋ ಎಂದು ಓಡುವ ಕೆಲಸವನ್ನು ಪಕ್ಕದವರಿಗೆ ಬಿಟ್ಟು, ಅವರ ಜಾಗದಲ್ಲಿ ತಾನು ಕೂರುವುದೇ ಈ ಆಟದ ನಿಯಮ. ಹೆಸರಿಗಾಗಿ ಒದ್ದಾಡುವವರಿಗೆ ಹೇಳಿಸಿದ್ದಲ್ಲ. ಗೆದ್ದ ತಂಡಗಳಲ್ಲಿ ನಮ್ಮವರಿಬ್ಬರಿದ್ದರು: ತಿ. ನರಸೀಪುರದ ಕುರುಬೂರಿನ ಚೈತ್ರಾ, ಬೆಂಗಳೂರಿನ ಗೌತಮ್. ನಮ್ಮ ಸರ್ಕಾರ ತಲಾ 5 ಲಕ್ಷ ರೂಪಾಯಿ ಘೋಷಿಸಿತು. ಮಹಾರಾಷ್ಟ್ರ ತನ್ನ ಆಟಗಾರರಿಗೆ ತಲಾ 2.25 ಕೋಟಿ ಘೋಷಿಸಿತ್ತು. ನಮ್ಮ ಇಬ್ಬರೂ ಆ 5 ಲಕ್ಷ ಬೇಡವೆಂದರು.

ಗವಾಸ್ಕರ್ ಪಕ್ಷ, ವಿಶ್ವನಾಥ್ ಪಕ್ಷ ಎರಡೂ ಒಮ್ಮತದಿಂದ ಕೊಟ್ಟ ಏಕೈಕ ತೀರ್ಪು ಇದು: ಅವರು ಬೇಡವೆಂದದ್ದು ಸರಿ.