ಆನ್‌ಸೈಟಿನ ಕ್ಲೇಮು ಪ್ರವೀಣ

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಿಂದ ಲಂಡನ್ನಿಗೆ ಆನ್‌ಸೈಟ್ ಹೋಗಿ, ಅಲ್ಲಿನ ಬಸ್ಸು ರೈಲುಗಳಲ್ಲಿ ಬಳಸುವ ತನ್ನ ನೀಲಿ ಆಯ್ಸ್ಟರ್ ಕಾರ್ಡಿನ ಪ್ರಯಾಣ ದಾಖಲೆಯನ್ನು ತಪ್ಪದೆ ಇಳಿಸಿಕೊಂಡು, ಆಫೀಸಿನ ಕೆಲಸಕ್ಕೆ ಓಡಾಡಿದ ಖರ್ಚನ್ನು ಕೊನೆಯ ಪೆನ್ನಿಯವರೆಗೂ ವಸೂಲು ಮಾಡುವವನೇ ಕ್ಲೇಮು ಪ್ರವೀಣ. ಹೌನ್ಸ್ಲೋ, ಹ್ಯಾರೋ, ಈಸ್ಟ್ ಹ್ಯಾಮ್‌ಗಳಂಥ, ನಡೆದು ಹೋಗುವಷ್ಟು ದೂರದಲ್ಲೇ ಕರಿಬೇವು ಸಿಗುವ ಬಡಾವಣೆಗಳಲ್ಲಿ ಈತನ ವಾಸ. ಸ್ವಭಾವತಃ ಜಿಪುಣನಲ್ಲ. ಊರಿಂದ ನೆಂಟರು ಬಂದರೆ ಲಂಡನ್ ಐ ಟಿಕೆಟ್ಟನ್ನು ಬೆಲೆ ನೋಡದೆ ತೆಗೆಯುತ್ತಾನೆ. ಕಂಪನಿಯಿಂದ ಬರಬೇಕಾದ ಬಸ್ ಚಾರ್ಜನ್ನು ಮಾತ್ರ ಬಿಡಲಾರ. ‘ನಮ್ಮ ದುಡ್ಡು ನಾವ್ಯಾಕ್ರೀ ಬಿಡಬೇಕು?’ ಎಂಬುದು ಈತನ ಸಿದ್ಧಾಂತ. ಈ ವರ್ಗದಲ್ಲಿ ಹೆಂಗಸರೂ ಇದ್ದಾರೆ. ಅವರು ಕೆಲಸವನ್ನು ಹತ್ತು ನಿಮಿಷದಲ್ಲಿ ಮುಗಿಸಿಬಿಡುವುದರಿಂದ ಯಾರ ಗಮನಕ್ಕೂ ಬರುವುದಿಲ್ಲ.

ಈ ಜಾತಿಯ ಹುಟ್ಟಿಗೆ ಕಾರಣ ಟಿಕೆಟ್ಟಿನ ಅಳಿವು. ಆಯ್ಸ್ಟರ್ ಕಾರ್ಡು ಬಂದದ್ದು 2003ರಲ್ಲಿ. 2014ರ ಜುಲೈನಿಂದ ಲಂಡನ್ನಿನ ಬಸ್ಸುಗಳಲ್ಲಿ ನಗದು ತೆಗೆದುಕೊಳ್ಳುವುದನ್ನೇ ನಿಲ್ಲಿಸಿದರು. ಕಂಡಕ್ಟರಿಲ್ಲ, ಚೀಟಿಯಿಲ್ಲ, ಚಿಲ್ಲರೆಯ ಜಗಳವೂ ಇಲ್ಲ. ಕಾರ್ಡು ಮುಟ್ಟಿಸಿದರೆ ‘ಬೀಪ್’ ಎನ್ನುತ್ತದೆ, ಅಷ್ಟೇ. ಬೀಪನ್ನು ಬಿಲ್ಲಿಗೆ ಲಗತ್ತಿಸಲು ಬರುವುದಿಲ್ಲ. ಹಾಗಾಗಿ ಹೊಸಬರೆಲ್ಲ ಮೊದಲ ತಿಂಗಳು ಕಾರ್ಡಿಗೆ ಟಾಪ್‌ಅಪ್ ಮಾಡಿಸಿದ ರಸೀದಿಯನ್ನೇ ಸ್ಕ್ಯಾನ್ ಮಾಡಿ ಕಳಿಸುತ್ತಾರೆ. ಬೆಂಗಳೂರಿನ ಅಕೌಂಟ್ಸ್ ವಿಭಾಗದಿಂದ ಉತ್ತರ ಬರುತ್ತದೆ: ‘ಸರ್, ಇದು ನೀವು ಕಾರ್ಡಿಗೆ ದುಡ್ಡು ಹಾಕಿದ್ದಕ್ಕೆ ಪ್ರೂಫ್. ಓಡಾಡಿದ್ದಕ್ಕೆ ಪ್ರೂಫ್ ಎಲ್ಲಿ?’ ಈ ಪ್ರಶ್ನೆಗೆ ಸುಮ್ಮನಾದವನು ಸಾಮಾನ್ಯ ನೌಕರನಾಗಿ ಉಳಿಯುತ್ತಾನೆ. ಕೆರಳಿದವನು ಪ್ರವೀಣನಾಗುತ್ತಾನೆ.

ವಿಧಾನ ಕಷ್ಟದ್ದೇನಲ್ಲ. ಲಂಡನ್ ಸಾರಿಗೆ ಸಂಸ್ಥೆಯ ಖಾತೆಯಲ್ಲಿ ಕಾರ್ಡನ್ನು ನೋಂದಾಯಿಸಬೇಕು. ಆಮೇಲೆ ಎಲ್ಲಿ ಹತ್ತಿದ್ದು, ಎಲ್ಲಿ ಇಳಿದದ್ದು, ಎಷ್ಟು ಕಡಿತವಾದದ್ದು ಎಲ್ಲವೂ ತೆರೆಯ ಮೇಲೆ ಬರುತ್ತದೆ. ಬೇಕೆಂದವರಿಗೆ ವಾರಕ್ಕೋ ತಿಂಗಳಿಗೋ ಒಮ್ಮೆ ಇಮೇಲಿನಲ್ಲೂ ಬರುತ್ತದೆ. ತೊಡಕಿರುವುದು ಅವಧಿಯಲ್ಲಿ. ಆಯ್ಸ್ಟರ್ ದಾಖಲೆ ಸಿಗುವುದು 8 ವಾರಗಳಷ್ಟು ಮಾತ್ರ. ಬ್ಯಾಂಕಿನ ಕಾಂಟ್ಯಾಕ್ಟ್‌ಲೆಸ್ ಕಾರ್ಡಿನಲ್ಲಿ ಓಡಾಡಿದರೆ, ನೋಂದಾಯಿಸಿದವರಿಗೆ 12 ತಿಂಗಳು, ನೋಂದಾಯಿಸದವರಿಗೆ 7 ದಿನ. ಕಂಪನಿಯ ಕ್ಲೇಮು ಮೂರು ತಿಂಗಳಿಗೊಮ್ಮೆ ತೆರೆಯುತ್ತಿದ್ದು, ನೌಕರನಿಗೆ ಅದು ಹತ್ತನೆಯ ವಾರ ನೆನಪಾದರೆ ಮೊದಲ ಎರಡು ವಾರದ ದುಡ್ಡಿಗೆ ಎಳ್ಳುನೀರು. ಆಮೇಲೆ ಸಹಾಯವಾಣಿಗೆ ಫೋನು ಮಾಡಿ ಗೋಗರೆದರೂ ಉಪಯೋಗವಿಲ್ಲ, ಏಕೆಂದರೆ 8 ವಾರ ಕಳೆದ ಮೇಲೆ ಪ್ರಯಾಣಕ್ಕೂ ಕಾರ್ಡಿಗೂ ಇರುವ ನಂಟನ್ನೇ ಸಂಸ್ಥೆ ಕಡಿದುಹಾಕುತ್ತದೆ. ಹೊಸದಾಗಿ ವಿಮಾನ ಇಳಿದವರಿಗೆ ಪ್ರವೀಣ ಕೊಡುವ ಮೊದಲ ಉಪದೇಶ ಚಳಿಯ ಬಗ್ಗೆ ಇರುವುದಿಲ್ಲ, ಈ 8 ವಾರಗಳ ಬಗ್ಗೆ ಇರುತ್ತದೆ.

ದಾಖಲೆ ಇಳಿಸುವುದು ತಿಂಗಳ ಕೊನೆಯ ಭಾನುವಾರ, ತಿಂಡಿಯ ನಂತರ. ಡೈನಿಂಗ್ ಟೇಬಲ್ಲಿನ ಮೇಲೆ ಲ್ಯಾಪ್‌ಟಾಪು, ಪಕ್ಕದಲ್ಲಿ ಆಫೀಸಿನ ಕ್ಯಾಲೆಂಡರು, ಆರಿದ ಕಾಫಿ. ಕಡತದಲ್ಲಿ ದಿನಾಂಕ, ಹೊರಟ ಹೊತ್ತು, ಮುಟ್ಟಿದ ಹೊತ್ತು, ಪ್ರಯಾಣದ ವಿವರ, ಕಡಿತ, ಜಮೆ, ಬಾಕಿ ಎಂದು ಕಾಲಮ್ಮುಗಳು. ಪ್ರವೀಣ ಅದಕ್ಕೆ ಬಣ್ಣ ಬಳಿಯುತ್ತಾನೆ: ಹಳದಿ ಎಂದರೆ ಆಫೀಸಿನದು, ಬಿಳಿ ಎಂದರೆ ಸ್ವಂತದ್ದು, ಹಸಿರು ಎಂದರೆ ವಾದ ಮಾಡಿದರೆ ಸಿಗಬಹುದಾದದ್ದು. ತಿಂಗಳಿಂದ ತಿಂಗಳಿಗೆ ಹಸಿರು ಹೆಚ್ಚುತ್ತದೆ. ‘ರೀ, ಐದು ಪೌಂಡಿಗೆ ಭಾನುವಾರ ಪೂರ್ತಿ ಹೋಯ್ತಲ್ರೀ’ ಎಂದು ಒಳಗಿನಿಂದ ಬರುವ ಮಾತಿಗೆ ಯಾವ ಬಣ್ಣವೂ ಇಲ್ಲ.

ಯಾವುದು ಆಫೀಸಿನದು, ಯಾವುದು ಸ್ವಂತದ್ದು ಎಂಬುದರಲ್ಲಿ ಕಾನೂನಿನ ಮಾತೂ ಇದೆ. ಮನೆಯಿಂದ ಕಾಯಂ ಕೆಲಸದ ಜಾಗಕ್ಕೆ ಹೋಗಿಬರುವುದನ್ನು ಬ್ರಿಟನ್ನಿನ ತೆರಿಗೆ ಇಲಾಖೆ ಸ್ವಂತ ಓಡಾಟವೆಂದೇ ಲೆಕ್ಕ ಹಿಡಿಯುತ್ತದೆ. ತಾತ್ಕಾಲಿಕ ಜಾಗಕ್ಕೆ ಹೋದರೆ ಮಾತ್ರ ಆ ಖರ್ಚಿಗೆ ತೆರಿಗೆ ವಿನಾಯಿತಿ. ಕೆಲಸದ ವೇಳೆಯ 40 ಪ್ರತಿಶತ ಅಥವಾ ಅದಕ್ಕಿಂತ ಹೆಚ್ಚನ್ನು ಒಂದೇ ಜಾಗದಲ್ಲಿ 24 ತಿಂಗಳು ಮೀರಿ ಕಳೆದರೆ, ಅಥವಾ ಕಳೆಯುವ ನಿರೀಕ್ಷೆಯಿದ್ದರೆ, ಅದು ತಾತ್ಕಾಲಿಕವಲ್ಲ. ತನ್ನ ಪ್ರಾಜೆಕ್ಟಿನ ದಸ್ತಾವೇಜನ್ನು ಒಮ್ಮೆಯೂ ಪೂರ್ತಿ ಓದದ ಪ್ರವೀಣನಿಗೆ ಈ ನಿಯಮ ಬಾಯಿಪಾಠ. ಪ್ರಾಜೆಕ್ಟು ಮೂರು ವರ್ಷಕ್ಕೆ ಮುಂದುವರಿಯಿತೆಂದು ಮ್ಯಾನೇಜರು ಸಿಹಿ ಹಂಚಿದರೆ, ಕ್ಯಾನರಿ ವಾರ್ಫಿನ ಕಚೇರಿಯ ಇಡೀ ತಂಡದಲ್ಲಿ ಮುಖ ಸಣ್ಣಗಾಗುವುದು ಇವನೊಬ್ಬನದೇ. ನಿರೀಕ್ಷೆ ಬದಲಾದ ದಿನದಿಂದಲೇ ವಿನಾಯಿತಿ ನಿಲ್ಲುತ್ತದಲ್ಲ!

ದಾಖಲೆಯ ಗುಣವೇ ವಿಚಿತ್ರ. ಬೇಕಾದದ್ದನ್ನು ಅರ್ಧ ಹೇಳುತ್ತದೆ, ಬೇಡದ್ದನ್ನು ಪೂರ್ತಿ ಹೇಳುತ್ತದೆ. ಬಸ್ಸಿನಲ್ಲಿ ಹತ್ತುವಾಗ ಮಾತ್ರ ಕಾರ್ಡು ಮುಟ್ಟಿಸುವುದರಿಂದ ‘ಬಸ್ ಪ್ರಯಾಣ, ಮಾರ್ಗ 237’ ಎಂದಷ್ಟೇ ಇರುತ್ತದೆ. ಇಳಿದದ್ದು ಗ್ರಾಹಕರ ಕಚೇರಿಯ ಮುಂದೋ ಸಲೂನಿನ ಮುಂದೋ ದೇವರೇ ಬಲ್ಲ. ಟ್ಯೂಬ್ ಎಂಬ ನೆಲದಡಿಯ ರೈಲಿನಲ್ಲಾದರೋ ನಿಮಿಷದ ಸಮೇತ ಸಾಕ್ಷಿ. ಲಾರ್ಡ್ಸ್‌ನಲ್ಲಿ ಭಾರತದ ಟೆಸ್ಟ್ ಶುರುವಾದ ಗುರುವಾರ ಜ್ವರವೆಂದು ರಜೆ ಹಾಕಿದವನು, ಅಂದು ಬೆಳಿಗ್ಗೆಯೇ ಮೈದಾನದ ಬಳಿಯ ಸೇಂಟ್ ಜಾನ್ಸ್ ವುಡ್ ನಿಲ್ದಾಣದಲ್ಲಿ ಹೊರಬಿದ್ದದ್ದು ಅಲ್ಲಿ ಅಚ್ಚಾಗಿರುತ್ತದೆ. ಅಂಥ ಸಾಲನ್ನು ಪ್ರವೀಣ ಅಳಿಸಿ ಕಳಿಸುತ್ತಾನೆ. ಬಾಕಿಯ ಕಾಲಮ್ಮನ್ನು ಮರೆತಿರುತ್ತಾನೆ. ಮೇಲಿನ ಸಾಲಿನ ಬಾಕಿಗೂ ಕೆಳಗಿನ ಸಾಲಿನ ಬಾಕಿಗೂ ತಾಳೆಯಾಗದ್ದನ್ನು ಅಕೌಂಟ್ಸಿನ ಹುಡುಗಿ ಎರಡು ನಿಮಿಷದಲ್ಲಿ ಹಿಡಿದು, ‘ಸರ್, ಮಧ್ಯೆ ಒಂದು ಟ್ರಿಪ್ ಕಾಣ್ತಿಲ್ಲ’ ಎಂದು ಬರೆಯುತ್ತಾಳೆ, ಮ್ಯಾನೇಜರಿಗೂ ಒಂದು ಪ್ರತಿ ಹಾಕಿ.

ನಿಜವಾದ ಪಾಂಡಿತ್ಯ ಬೇಕಾಗುವುದು ದಿನದ ಮಿತಿಯ ವಿಷಯದಲ್ಲಿ. ಒಂದು ದಿನ ಎಷ್ಟೇ ಓಡಾಡಿದರೂ ಇಷ್ಟಕ್ಕಿಂತ ಹೆಚ್ಚು ಕಡಿತವಾಗದು ಎಂಬ ಮಿತಿಯೊಂದಿದೆ. 2025ರ ಮಾರ್ಚಿನಲ್ಲಿ ನಗರದ ಮಧ್ಯಭಾಗದ 1 ಮತ್ತು 2ನೇ ವಲಯಗಳಿಗೆ ಇದು 8.90 ಪೌಂಡ್ ಆಯಿತು. ಮಿತಿ ಮುಟ್ಟಿದ ಮೇಲಿನ ಪ್ರಯಾಣಗಳ ಮುಂದೆ ಸೊನ್ನೆ. ಶನಿವಾರ ಹೆಂಡತಿ ಮಕ್ಕಳೊಂದಿಗೆ ಊರು ಸುತ್ತಿ ಮಿತಿ ತುಂಬಿಸಿದ ಮೇಲೆ, ಸಂಜೆ ಸರ್ವರ್ ಕೈಕೊಟ್ಟಿತೆಂದು ಕಚೇರಿಗೆ ಓಡಿದರೆ ಆ ಪ್ರಯಾಣದ ಬೆಲೆ ಸೊನ್ನೆ ಪೌಂಡ್ ಸೊನ್ನೆ ಪೆನ್ನಿ. ಓಡಿದ್ದು ಕಂಪನಿಗಾಗಿ, ದುಡ್ಡು ಹೋದದ್ದು ಮೃಗಾಲಯದ ದಾರಿಯಲ್ಲಿ. ಒಟ್ಟು ಮೊತ್ತವನ್ನು ಪ್ರಯಾಣಗಳ ಸಂಖ್ಯೆಯಿಂದ ಭಾಗಿಸಿ ಕಂಪನಿಯ ಪಾಲನ್ನು ಕೇಳಬೇಕೆಂಬುದು ಪ್ರವೀಣನ ವಾದ. ದಾಖಲೆಯಲ್ಲಿ ಸೊನ್ನೆಯಿದ್ದರೆ ಸೊನ್ನೆಯೇ ಎಂಬುದು ಅಕೌಂಟ್ಸಿನ ವಾದ. 2016ರಲ್ಲಿ ಬಂದ ಹಾಪರ್ ಸೌಲಭ್ಯದಿಂದ ಒಂದು ಗಂಟೆಯೊಳಗೆ ಹತ್ತಿದ ಎರಡನೆಯ ಬಸ್ಸೂ ಪುಕ್ಕಟೆಯಾಗಿ, ಜಗಳ ಬಸ್ಸಿಗೂ ಹಬ್ಬಿತು. ನುರಿತವರು ಕಚೇರಿಯ ಓಡಾಟವನ್ನು ದಿನದ ಮೊದಲಿಗೇ ಮುಗಿಸಿಕೊಂಡು, ತರಕಾರಿಯನ್ನು ಸೊನ್ನೆಯ ಬಸ್ಸಿನಲ್ಲಿ ತರುತ್ತಾರೆ.

ಹೊರಬರುವಾಗ ಕಾರ್ಡು ಮುಟ್ಟಿಸಲು ಮರೆತರೆ ಅಪೂರ್ಣ ಪ್ರಯಾಣವೆಂದು ಗರಿಷ್ಠ ದರ ಬೀಳುತ್ತದೆ. ಅದನ್ನು ಕಂಪನಿ ಕೊಡುವುದಿಲ್ಲ, ಸಾರಿಗೆ ಸಂಸ್ಥೆಯನ್ನೇ ಕೇಳಿ ಹಿಂಪಡೆಯಬೇಕು; ಪ್ರವೀಣ ಇಬ್ಬರನ್ನೂ ಕೇಳಿ ನೋಡುತ್ತಾನೆ. ಕಚೇರಿಗೊಂದು ಮನೆಗೊಂದು ಎಂದು ಎರಡು ಕಾರ್ಡು ಇಟ್ಟುಕೊಂಡರೆ ಈ ರಗಳೆಯೆಲ್ಲ ತಪ್ಪುತ್ತದೆ, ದಾಖಲೆಯೂ ಸ್ವಚ್ಛವಾಗಿರುತ್ತದೆ. ಆದರೆ ಮಿತಿ ಪ್ರತಿ ಕಾರ್ಡಿಗೂ ಬೇರೆ ಬೇರೆ. ಎರಡೂ ಕಾರ್ಡು ಬಳಸಿದ ದಿನ ಸ್ವಂತ ಜೇಬಿನಿಂದ ಹೆಚ್ಚು ಹೋಗಬಹುದೆಂದು ಗೊತ್ತಾದ ಮೇಲೆ ಪ್ರವೀಣ ಈ ಸಲಹೆಯನ್ನು ಇತರರಿಗೆ ಮಾತ್ರ ಕೊಡುತ್ತಾನೆ.

ಇವನಿಗೆ ತದ್ವಿರುದ್ಧವಾದವನು ‘ಹೋಗ್ಲಿ ಬಿಡ್ರಿ’ ಬಳಗದವನು. ಕ್ಲೇಮು ತೆರೆದದ್ದೂ ಮುಚ್ಚಿದ್ದೂ ಅವನಿಗೆ ತಿಳಿಯುವುದಿಲ್ಲ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಗಾದೆಯನ್ನು ಪ್ರವೀಣ ಅವನ ಮುಖ ನೋಡಿಯೇ ಹೇಳುತ್ತಾನೆ. ಅವನು ನಕ್ಕು ಸುಮ್ಮನಾಗುತ್ತಾನೆ, ಭಾನುವಾರ ಕ್ರಿಕೆಟ್ಟಿಗೂ ಹೋಗಿಬರುತ್ತಾನೆ.

ಆನ್‌ಸೈಟ್ ಮುಗಿದು ಹೊರಡುವಾಗ ಕಾರ್ಡಿನಲ್ಲಿ ಉಳಿದ ಹಣ 10 ಪೌಂಡಿನೊಳಗಿದ್ದರೆ ಟ್ಯೂಬ್ ನಿಲ್ದಾಣದ ಟಿಕೆಟ್ ಯಂತ್ರದಲ್ಲೇ ವಾಪಸು ಪಡೆಯಬಹುದು. ಅಲ್ಲಿಗೆ ಆ ಕಾರ್ಡು ರದ್ದು. ಕೊನೆಯ ವಾರಗಳ ದಾಖಲೆಯನ್ನು ಇಳಿಸಿಕೊಂಡ ಮೇಲೆಯೇ ಆ ಗುಂಡಿ ಒತ್ತುವುದು ಕ್ಷೇಮ. ಬೆಂಗಳೂರಿಗೆ ಮರಳಿದ ಪ್ರವೀಣನಿಗೆ ಕಂಪನಿಯ ಕ್ಯಾಬು ಮನೆಬಾಗಿಲಿಗೇ ಬರುತ್ತದೆ. ಕ್ಲೇಮು ಮಾಡಲು ಏನೂ ಇರುವುದಿಲ್ಲ.