ಕೇಶವನ ನೆರೆಮನೆ

ನಮ್ಮ ವಸ್ತಾರೆಯಲ್ಲಿ ಮನೆ ರಿಪೇರಿ ಅಂದರೆ ಮಳೆ ಹಿಡಿಯುವ ಮುಂಚೆ ಹೆಂಚು ಕೈಯಾಡಿಸುವುದು. ಆಳು ಸಿಕ್ಕರೆ ಮುಗಿಯಿತು. ಬೇಲೂರಿನ ನಮ್ಮ ಭಾವನ ಪಾಡೇ ಬೇರೆ. ಅವರ ಮನೆ ಚೆನ್ನಕೇಶವನ ಕೂಗಳತೆಯಲ್ಲಿದೆ. 1117ರಲ್ಲಿ ಗುಡಿ ಕಟ್ಟಿಸಿದ ವಿಷ್ಣುವರ್ಧನ ಯಾರ ಎನ್‌ಒಸಿಗೂ ಕಾಯಲಿಲ್ಲ. ಭಾವ ಕಾಯಬೇಕು. ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯ ಪ್ರಕಾರ ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕೂಡದು. ಅದರಾಚೆಯ 200 ಮೀಟರ್‌ಗೆ ಅನುಮತಿ ಬೇಕು. ಆ 100 ಮೀಟರ್ ಒಳಗಿನ ಹಳೇ ಮನೆಯ ರಿಪೇರಿಗೂ ಅಪ್ಪಣೆ ಬೇಕು, ಅದೂ ಮನೆ 1992ರ ಜೂನ್ 16ಕ್ಕೆ ಮುಂಚೆ ಇದ್ದದ್ದಾದರೆ.

ಅಜ್ಜ ಕಟ್ಟಿಸಿದ ಮನೆಗೆ ಸಾಕ್ಷಿ ಹುಡುಕುತ್ತಾ ಭಾವ ಅಟ್ಟ ಹತ್ತಿದರು. ಕಂದಾಯದ ರಸೀದಿಗಳನ್ನು ಗೆದ್ದಲು ಮೊದಲೇ ಪರಿಶೀಲಿಸಿತ್ತು. ಸಿಕ್ಕಿದ್ದು ಅವರ ಉಪನಯನದ ಫೋಟೋ. ಮನೆ ಇದೆ, ಆದರೆ ಸೋದರಮಾವ ಬಾಗಿಲು ಕಿಟಕಿ ಎರಡಕ್ಕೂ ಅಡ್ಡ ನಿಂತಿದ್ದಾರೆ.

ತಮಾಷೆ ಏನೆಂದರೆ, ಅದೇ ಕಾಯ್ದೆಯಲ್ಲಿ ಸಾರ್ವಜನಿಕ ಶೌಚಾಲಯ ಕಟ್ಟಿದರೆ ಅದು ‘ನಿರ್ಮಾಣ’ವೇ ಅಲ್ಲ, ಮನೆಗೊಂದು ಹೊಸ ಬಚ್ಚಲು ಕಟ್ಟಿದರೆ ನಿರ್ಮಾಣ.

“ಹಾಗಾದ್ರೆ ನಮ್ಮನೇದನ್ನೇ ಸಾರ್ವಜನಿಕ ಮಾಡಿಬಿಡ್ಲಾ?” ಅಂದರು ಭಾವ.

ಅಕ್ಕ ಕಾಫಿ ಲೋಟ ಕುಕ್ಕಿದ ರಭಸಕ್ಕೆ ಆ ಅರ್ಜಿ ಅಲ್ಲೇ ವಜಾ ಆಯಿತು.