ನಾಸಾಗವಸು ಮೀಮಾಂಸೆ, ಅಥವಾ ಕೊಂಡ್ಲಹಳ್ಳಿಯ ಮೂಗು ಉರಿದ ಬಗೆ

ಶಾಸ್ತ್ರಗ್ರಂಥ ಬರೆಯಲು ಕೂತವನು ಮೊದಲು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳಬೇಕೆಂದು ಹಿರಿಯರ ಕಟ್ಟಳೆ. ನಮ್ಮ ವಿಷಯ ಮೂಗು. ಇನ್ನೂ ಬಿಗಿಯಾಗಿ ಹೇಳುವುದಾದರೆ ಮೂಗಿನ ದಿಂಡು, ಕೆನ್ನೆಯ ಏರು ಮತ್ತು ಕಿವಿಯ ಹಿಂಬದಿ. ಪ್ರಯೋಜನ, ಉರಿಶಮನ. ಸಂಬಂಧವೆಂದರೆ ಮಾಸ್ಕಿನ ಲಾಡಿ. ಇನ್ನು ಅಧಿಕಾರಿ, ಅಂದರೆ ಈ ಗ್ರಂಥವನ್ನು ಓದಲು ಅರ್ಹನಾದವನು ಯಾರು? ಈ ಪ್ರಶ್ನೆಯನ್ನು ಕೊಂಡ್ಲಹಳ್ಳಿಯ ಹೋಟೆಲೊಂದರ ಬೆಂಚಿನ ಮೇಲೆ ಮಂಡಿಸಿದಾಗ ಬಂದ ಉತ್ತರ: "ಅಧಿಕಾರಿ ಅಂದ್ರೆ ದಂಡ ಹಾಕೋರು ಮೇಷ್ಟ್ರೇ."

ಆ ಅರ್ಥವೂ ಸಾಧುವೇ. 2020ರ ಅಕ್ಟೋಬರಿನಲ್ಲಿ ಸರ್ಕಾರ ಮಾಸ್ಕಿಲ್ಲದ ಮುಖಕ್ಕೆ ಮಹಾನಗರ ಪಾಲಿಕೆಗಳಲ್ಲಿ 1000 ರೂಪಾಯಿ, ಉಳಿದ ಕಡೆ 500 ರೂಪಾಯಿ ದಂಡ ಗೊತ್ತುಮಾಡಿತು. ಜನ ಕೂಗೆಬ್ಬಿಸಿದ ಮೇಲೆ ಕೆಲವೇ ದಿನಗಳಲ್ಲಿ ಅದನ್ನು 250ಕ್ಕೂ 100ಕ್ಕೂ ಇಳಿಸಿತು. ಅಂದರೆ ಬೆಂಗಳೂರಿನ ಮೂಗಿನ ಮುಂದೆ ಕೊಂಡ್ಲಹಳ್ಳಿಯ ಮೂಗು ಮೊದಲು ಅರ್ಧ ಬೆಲೆ ಬಾಳುತ್ತಿತ್ತು, ಆಮೇಲೆ ಐದರಲ್ಲಿ ಎರಡು ಪಾಲಿಗೆ ಇಳಿಯಿತು. ಮೂಗಿನ ಈ ಅಪಮೌಲ್ಯದ ಬಗ್ಗೆ ಯಾವ ಅರ್ಥಶಾಸ್ತ್ರಜ್ಞರೂ ಬಾಯಿ ಬಿಡಲಿಲ್ಲ. ಬಾಯಿಗೆ ಮಾಸ್ಕಿತ್ತು.

ಮೊಳಕಾಲನ್ನು ಹೆಸರಿನಲ್ಲೇ ಹೊತ್ತು ತಿರುಗುವ ತಾಲ್ಲೂಕಿನವರಾದ ನಮಗೆ ಮೂಗಿನ ಬಗ್ಗೆ ಬರೆಯಲು ಸಂಕೋಚವಿಲ್ಲ. ಆಧಾರಗಳಿಗೂ ಬರವಿಲ್ಲ; ಬರವಿರುವುದು ಮಳೆಗೆ ಮಾತ್ರ. 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಕಿರು ಬಂಡೆಶಾಸನಗಳು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ, ನಮ್ಮ ಇದೇ ತಾಲ್ಲೂಕಿನಲ್ಲಿವೆ. ತಂದೆತಾಯಿಯ ಮಾತು ಕೇಳಿ, ಜೀವಿಗಳಲ್ಲಿ ದಯೆ ಇರಲಿ, ನಿಜ ಹೇಳಿ ಎಂದೆಲ್ಲ ಬುದ್ಧಿವಾದವಿರುವ ಈ ಬರಹದಲ್ಲಿ ಮಾಸ್ಕಿನ ಉಲ್ಲೇಖವಿಲ್ಲ. ಮಾಸ್ಕ್ ಎಷ್ಟು ಸಾಮಾನ್ಯವಾಗಿತ್ತೆಂದರೆ ಹೇಳುವ ಅಗತ್ಯವೇ ಬೀಳಲಿಲ್ಲ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕೆ?

ಬೇಕೆನ್ನುವವರಿಗೆ ಇನ್ನೊಂದಿದೆ. ಬ್ರಹ್ಮಗಿರಿಯ ಶಾಸನವನ್ನು ಬರೆದವನು ಚಪಡನೆಂಬ ಲಿಪಿಕಾರ. ಎಡದಿಂದ ಬಲಕ್ಕೆ ಓಡುವ ಬ್ರಾಹ್ಮಿಯಲ್ಲಿ ಎಲ್ಲವನ್ನೂ ಬರೆದು ಮುಗಿಸಿದವನು, ಕೊನೆಯಲ್ಲಿ ತನ್ನ ಕಸುಬನ್ನು ಹೇಳುವ ಪದವೊಂದನ್ನು ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದ. ಇವನು ವಾಯವ್ಯದ ಕಡೆಯವನು, ಅಲ್ಲಿ ಖರೋಷ್ಠಿ ಬಳಕೆಯಲ್ಲಿತ್ತು, ತನ್ನ ಊರಿನ ಅಕ್ಷರದಲ್ಲಿ ರುಜು ಹಾಕಿದ ಎಂದು ವಿದ್ವಾಂಸರು ಹೇಳುತ್ತಾರೆ. ನಾವು ವಿನಯದಿಂದ ಒಪ್ಪುವುದಿಲ್ಲ. ಬಂಡೆ ಕಡಿಯುವಾಗ ದೂಳು ಏಳುತ್ತದೆ. ದೂಳೆದ್ದರೆ ಬಾಯಿಗೆ ಬಟ್ಟೆ ಕಟ್ಟಬೇಕು. ಈ ಸೀಮೆಯ ಬಿಸಿಲಿಗೆ ಬಟ್ಟೆಯ ಒಳಗೆ ಬೆವರಬೇಕು. ಬೆವರಿದ ಮೇಲೆ ನವೆ. ಕೊನೆಯ ಪದಕ್ಕೆ ಬರುವ ಹೊತ್ತಿಗೆ ನವೆ ತಡೆಯಲಾರದೆ ಚಪಡ ಒಂದು ಕೈಯಲ್ಲಿ ಮೂಗು ತುರಿಸಿಕೊಳ್ಳುತ್ತ ಇನ್ನೊಂದು ಕಡೆಯಿಂದ ಬರೆಯತೊಡಗಿದ. ಲಿಪಿ ತಾನಾಗಿ ತಿರುಗಿತು.

ಪಶ್ಚಿಮದವರ ಗ್ರಂಥಗಳು ಮಾಸ್ಕಿನ ಇತಿಹಾಸವನ್ನು ಬಹಳ ತಡವಾಗಿ ಶುರುಮಾಡುತ್ತವೆ. ಪೆನಾಂಗಿನಲ್ಲಿ ಹುಟ್ಟಿದ ವೈದ್ಯ ವೂ ಲಿಯೆನ್-ತೆ 1910-11ರ ಮಂಚೂರಿಯಾ ಪ್ಲೇಗಿನಲ್ಲಿ ಹತ್ತಿ ಮತ್ತು ಜಾಳು ಬಟ್ಟೆಯ ಪದರಗಳ ಮಾಸ್ಕ್ ಕಟ್ಟಿಸಿದರು ಎನ್ನುತ್ತವೆ. ದೊಡ್ಡ ಮನುಷ್ಯರು, ಕೈ ಮುಗಿಯೋಣ. ಆದರೆ ಅವರು ಹುಟ್ಟುವುದಕ್ಕೆ ಎಷ್ಟೋ ಮೊದಲೇ ನಮ್ಮ ಹೊಲಗಳಲ್ಲಿ ಮುಖಗವಸು ಇತ್ತು. ಎತ್ತಿನ ಬಾಯಿಕುಕ್ಕೆಯನ್ನು ನೆನೆಯಿರಿ.

ಇದೇ ಈ ಪ್ರಬಂಧದ ನಡುಗಂಬ, ಆದ್ದರಿಂದ ಸ್ವಲ್ಪ ನಿಧಾನಿಸುತ್ತೇವೆ. ಎಡೆಕುಂಟೆ ಹೊಡೆಯುವಾಗ ಎತ್ತು ಸಾಲಿನ ಪೈರಿಗೆ ಬಾಯಿ ಹಾಕಬಾರದೆಂದು ಅದರ ಮೂತಿಗೆ ಕುಕ್ಕೆ ಕಟ್ಟುತ್ತಾರೆ. ರಚನೆಯಲ್ಲಿ ಇದಕ್ಕೂ ಆಸ್ಪತ್ರೆಯ ಮಾಸ್ಕಿಗೂ ಭೇದವಿಲ್ಲ: ಮುಂದೆ ಬುಟ್ಟಿ, ಹಿಂದೆ ಹಗ್ಗ, ನಡುವೆ ಕೆಲಸ ಮಾಡುವ ಜೀವ. ಉದ್ದೇಶದಲ್ಲಿ ಮಾತ್ರ ಒಂದು ಸೂಕ್ಷ್ಮವಿದೆ. ಕುಕ್ಕೆ ಇರುವುದು ಎತ್ತಿನಿಂದ ಪೈರನ್ನು ಉಳಿಸಲು, ಮಾಸ್ಕ್ ಇರುವುದು ಮನುಷ್ಯನಿಂದ ಮನುಷ್ಯನನ್ನು ಉಳಿಸಲು. ಹಗ್ಗ ಉಜ್ಜಿದ ಜಾಗದಲ್ಲಿ ಕೂದಲು ಸವೆದಿದ್ದರೆ ರೈತನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಹಗ್ಗ ಸಡಿಲಿಸುತ್ತಾನೆ, ಎಣ್ಣೆ ಸವರುತ್ತಾನೆ. ಸಾಲಿನ ಕೊನೆಗೆ ಬಂದಾಗ ಏನು ಮಾಡುತ್ತೀರಿ ಎಂದು ಹೋಟೆಲಿನ ಬೆಂಚಿನ ಹಿರಿಯರೊಬ್ಬರನ್ನು ಕೇಳಿದೆವು. ನಮ್ಮನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಕುಕ್ಕೆ ಬಿಚ್ಚದೆ ಎತ್ತಿಗೆ ನೀರು ಕುಡಿಸಕ್ಕಾಗುತ್ತಾ?" ಎಂದರು. ಈ ವಾಕ್ಯವನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಾಗ ಅದರ ಭಾರ ನಮಗೆ ತಿಳಿದಿರಲಿಲ್ಲ.

ಈಗ ಕಾರಣಮೀಮಾಂಸೆ. ಮಾಸ್ಕ್ ಚರ್ಮವನ್ನು ಮೂರು ದಾರಿಯಿಂದ ಕಾಡುತ್ತದೆ. ಅಂಚು ಉಜ್ಜುತ್ತದೆ, ಬಿಗಿ ಒತ್ತುತ್ತದೆ, ಒಳಗಿನ ಉಸಿರು ತೇವವಾಗಿ ನಿಂತು ಚರ್ಮದ ಹೊರಪದರವನ್ನು ನೆನೆದ ಹಪ್ಪಳದಂತೆ ಮೆತ್ತಗೆ ಮಾಡುತ್ತದೆ. ಮೆತ್ತಗಾದ ಚರ್ಮ ಬೇಗ ಸವೆಯುತ್ತದೆ, ಸವೆದದ್ದು ಉರಿಯುತ್ತದೆ, ಬೆವರು ತಾಗಿ ಇನ್ನಷ್ಟು ಉರಿಯುತ್ತದೆ. ಮೊಡವೆ ಏಳುವ ಮುಖದಲ್ಲಿ ಅದೂ ಸೇರಿಕೊಳ್ಳುತ್ತದೆ. ಕೆಲವರಿಗೆ ಎಲಾಸ್ಟಿಕ್ಕಿನ ರಬ್ಬರೋ ಮೂಗಿನ ಮೇಲಿನ ಲೋಹದ ಪಟ್ಟಿಯೋ ಒಗ್ಗದೆ ಅಷ್ಟಗಲಕ್ಕೇ ಗಾದರಿ ಎದ್ದು, ಮಾಸ್ಕ್ ತೆಗೆದ ಮೇಲೂ ಮಾಸ್ಕಿನ ನಕ್ಷೆ ಮುಖದ ಮೇಲೆ ಉಳಿಯುತ್ತದೆ. 2020ರಲ್ಲಿ ಚೀನಾದ ಹೂಬೈ ಪ್ರಾಂತದಲ್ಲಿ ಕೋವಿಡ್ ರೋಗಿಗಳನ್ನು ನೋಡಿಕೊಂಡ 542 ಆರೋಗ್ಯ ಸಿಬ್ಬಂದಿಯನ್ನು ವಿಚಾರಿಸಿದಾಗ ನೂರಕ್ಕೆ 97 ಮಂದಿಗೆ ರಕ್ಷಣಾ ಸಾಧನಗಳಿಂದ ಚರ್ಮಕ್ಕೆ ಪೆಟ್ಟಾಗಿತ್ತು, ಹೆಚ್ಚಾಗಿ ಮೂಗಿನ ದಿಂಡಿಗೇ. ನಮ್ಮ ಸಮೀಕ್ಷೆಯ ವ್ಯಾಪ್ತಿ ಬೆಂಚು ಎಷ್ಟು ಜನರನ್ನು ಹಿಡಿಸುತ್ತದೋ ಅಷ್ಟು. ಅವರಲ್ಲಿ ಯಾರ ಮೂಗಿಗೂ ಏನೂ ಆಗಿರಲಿಲ್ಲ, ಏಕೆಂದರೆ ಎಲ್ಲರೂ ಗದ್ದವಾದಿಗಳು.

ಹೀಗೆ ಪೂರ್ವಪಕ್ಷಕ್ಕೆ ಬಂದೆವು. ಗದ್ದವಾದವೆಂದರೆ ಮಾಸ್ಕನ್ನು ಗದ್ದಕ್ಕೆ ಧರಿಸಿ, ಪೊಲೀಸ್ ಜೀಪು ಕಂಡಾಗ ಮಾತ್ರ ಮೇಲಕ್ಕೆ ಏರಿಸುವ ದರ್ಶನ. ಮೂಗಿಗೆ ಉರಿಯಿಲ್ಲ, ಕೆನ್ನೆಗೆ ನವೆಯಿಲ್ಲ, ಸೋಂಕಿಗೂ ತಡೆಯಿಲ್ಲ. ಒಳಗೇ ವಿರೋಧವಿಲ್ಲದ ಇಂಥ ಸಿದ್ಧಾಂತ ಭಾರತೀಯ ತತ್ತ್ವಶಾಸ್ತ್ರದಲ್ಲಿ ವಿರಳ. ಖಂಡಿಸಲು ಹೊರಟ ನಾವೇ ಎರಡು ಚಹಾ ಮುಗಿಯುವವರೆಗೆ ಅದರ ಅನುಯಾಯಿಗಳಾಗಿದ್ದೆವು.

ಅರಿಶಿನ-ನಿಂಬೆ ಪಂಥದವರನ್ನು ಒಂದೇ ವಾಕ್ಯದಲ್ಲಿ ಮುಗಿಸಬಹುದು: ಸವೆದ ಚರ್ಮಕ್ಕೆ ನಿಂಬೆಹುಳಿ ಹಿಂಡುವುದು ಗಾಯಕ್ಕೆ ಉಪ್ಪು ಸವರುವುದರ ತಮ್ಮ. ಟೂತ್‌ಪೇಸ್ಟ್ ಹಚ್ಚುವುದು ಅದರ ತಂಗಿ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಸ್ಟೆರಾಯ್ಡ್ ಮುಲಾಮಿನ ಪಂಥ ಮಾತ್ರ ನಗುವಂಥದ್ದಲ್ಲ. ವೈದ್ಯರನ್ನು ಕೇಳದೆ ದಿನಾ ಹಚ್ಚಿದರೆ ಎರಡೇ ದಿನದಲ್ಲಿ ಕೆಂಪು ಇಳಿದಂತೆ ಕಂಡು, ತಿಂಗಳುಗಳಲ್ಲಿ ಚರ್ಮವನ್ನೇ ತೆಳ್ಳಗೆ ಮಾಡುತ್ತದೆ.

ಎಣ್ಣೆಪಂಥಕ್ಕೆ ಈ ಸೀಮೆಯಲ್ಲಿ ರಾಜಮರ್ಯಾದೆ. ಪಕ್ಕದ ಚಳ್ಳಕೆರೆಗೆ ಎಣ್ಣೆ ನಗರಿ ಎಂದೇ ಹೆಸರು. ಶೇಂಗಾ ಅರೆದು ಬದುಕಿದ ನೆಲದಲ್ಲಿ ನಿಂತು ಮುಖಕ್ಕೆ ಎಣ್ಣೆ ಬೇಡವೆನ್ನಲು ಗುಂಡಿಗೆ ಬೇಕು. ಆದರೂ ಹೇಳಲೇಬೇಕು: ಎನ್-95 ಎಂಬುದರಲ್ಲಿ 95 ಎಂದರೆ ಗಾಳಿಯ ಅತಿಸಣ್ಣ ಕಣಗಳಲ್ಲಿ ನೂರಕ್ಕೆ 95ನ್ನಾದರೂ ತಡೆಯಬೇಕೆಂಬ ಲೆಕ್ಕ, ಎನ್ ಎಂದರೆ ಎಣ್ಣೆಯ ಅಂಶಕ್ಕೆ ಇದು ಬಾಳುವುದಿಲ್ಲ ಎಂಬ ಸೂಚನೆ. ಅಮೆರಿಕದವರು ಚಳ್ಳಕೆರೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ಅಕ್ಷರ ಆರಿಸಿದರೆಂದು ನಮ್ಮ ಗುಮಾನಿ. ಮುಖದ ತುಂಬ ಎಣ್ಣೆ ಬಳಿದುಕೊಂಡರೆ ಮಾಸ್ಕ್ ಜಾರುತ್ತದೆ, ಮೊಡವೆ ಹೆಚ್ಚುತ್ತದೆ.

ಉತ್ತರಪಕ್ಷ ನೀರಸವಾದಷ್ಟೂ ನಿಜ. ಮುಖವನ್ನು ಉಗುರು ಬೆಚ್ಚಗಿನ ನೀರಿನಲ್ಲಿ, ಮೆದುವಾದ ಸೋಪಿನಿಂದ ತೊಳೆಯಬೇಕು. ಚರ್ಮದ ಸಹಜ ಪಿಎಚ್ 5ರ ಆಸುಪಾಸು, ಬಟ್ಟೆ ಸೋಪಿನಂಥ ಗಡಸು ಸೋಪಿನದು 9-10. ಅದರಿಂದ ಉಜ್ಜಿದರೆ ಇರುವ ಜಿಡ್ಡಿನ ಕಾವಲೂ ಹೋಗುತ್ತದೆ. ಮಾಸ್ಕ್ ಕಟ್ಟುವ ಅರ್ಧ ಗಂಟೆ ಮೊದಲು ವಾಸನೆಯಿಲ್ಲದ ಮಾಯಿಶ್ಚರೈಸರ್ ತೆಳ್ಳಗೆ ಹಚ್ಚಿ ಇಂಗಲು ಬಿಡಬೇಕು. ಕಿವಿಯ ಹಿಂದೆ ಸವೆದಿದ್ದರೆ ವ್ಯಾಸಲೀನ್ ಸಾಕು. ಚೀಸ್‌ಬರೋ ಎಂಬಾತ 1872ರಲ್ಲಿ ಪೇಟೆಂಟ್ ಪಡೆದ ಈ ಜಿಡ್ಡೂ ಹುಟ್ಟಿದ್ದು ಎಣ್ಣೆಬಾವಿಯಲ್ಲೇ, ಆದ್ದರಿಂದ ಚಳ್ಳಕೆರೆಯ ಮಾನ ಉಳಿಯಿತು. ಬಿಗಿ ಮಾಸ್ಕಿನ ಅಂಚು ಕೂರುವ ಕಡೆ ಮಾತ್ರ ಅದನ್ನು ದಪ್ಪಗೆ ಬಳಿಯಬಾರದು, ಬಿಗಿ ತಪ್ಪುತ್ತದೆ. ಒದ್ದೆಯಾದ ಮಾಸ್ಕ್ ಬದಲಿಸಬೇಕು. ಬಟ್ಟೆಯದಾದರೆ ಸೋಪಿನಪುಡಿ ಪೂರ್ತಿ ಹೋಗುವಂತೆ ಜಾಲಿಸಬೇಕು. ನೀರು ಸುರಿಯುವ ಹುಣ್ಣಾದರೆ ಚರ್ಮವೈದ್ಯರಲ್ಲಿಗೆ ಹೋಗಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಎರಡು ಮೂರು ಗಂಟೆಗೊಮ್ಮೆ ಜನರಿಲ್ಲದ ಕಡೆ ಮಾಸ್ಕ್ ತೆಗೆದು ಹದಿನೈದು ನಿಮಿಷ ಮುಖಕ್ಕೆ ಗಾಳಿ ಬಿಡಬೇಕು.

ಪ್ರಬಂಧ ಇಲ್ಲಿಗೆ ಸಂಪನ್ನವಾಯಿತೆಂದು ಮಂಗಳ ಹಾಡುವ ಹೊತ್ತಿಗೆ, ಮನೆಮನೆ ಸಮೀಕ್ಷೆಗೆ ಬಂದಿದ್ದ ಆಶಾ ಕಾರ್ಯಕರ್ತೆಯೊಬ್ಬರು ಓಣಿಯಲ್ಲಿ ಸಿಕ್ಕರು. ಬೇಸಿಗೆಯ ಮಧ್ಯಾಹ್ನ. ಮೂಗಿನ ಮೇಲೆ ಕೆಂಪು ಗೆರೆ, ಕಿವಿಯ ಹಿಂದೆ ಲಾಡಿಗೆ ಅಡ್ಡವಾಗಿ ಹತ್ತಿಯ ಚೂರು. 2020ರ ಜುಲೈನಲ್ಲಿ ರಾಜ್ಯದ ಸುಮಾರು 42,000 ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನವನ್ನೂ ಸರಿಯಾದ ರಕ್ಷಣಾ ಸಾಧನಗಳನ್ನೂ ಕೇಳಿ ಕೆಲಸ ನಿಲ್ಲಿಸಿದ್ದು ನಮಗೆ ಪತ್ರಿಕೆಯಿಂದ ಗೊತ್ತಿತ್ತು. ಆ ಬೇಡಿಕೆಪಟ್ಟಿಗೆ ಮೂಗೂ ಇತ್ತೆಂದು ಗೊತ್ತಾದದ್ದು ಈಗ. ಉತ್ತರಪಕ್ಷವನ್ನು ಅವರಿಗೆ ಓದಿ ಹೇಳಿದೆವು.

"ಎಲ್ಲಾ ಸರಿ ಮೇಷ್ಟ್ರೇ. ಹದಿನೈದು ನಿಮಿಷ ಮರದಡಿ ಕೂತ್ರೆ ಆ ಸಾಲಿನ ಮನೆ ಬಾಕಿ ಉಳೀತಾವೆ. ನಮ್ ಮೊಬೈಲಿಗೆ ಫೋನ್ ಬರ್ತದೆ."

ಟಿಪ್ಪಣಿ ಪುಸ್ತಕದ ಎತ್ತಿನ ವಾಕ್ಯ ನೆನಪಾಯಿತು. ಗಟ್ಟಿಯಾಗಿ ಓದಲು ಬಾಯಿ ಬರಲಿಲ್ಲ. ಓಣಿಯ ತುದಿಯಲ್ಲಿ ಬೇವಿನ ಮರವಿತ್ತು. ಅಲ್ಲಿ ಯಾರೂ ಇರಲಿಲ್ಲ. ಕೂತುಕೊಳ್ಳಿ ಎಂದು ದೂರ ಸರಿದು ನಿಂತೆವು. ಅವರು ಕೂತರು, ಮಾಸ್ಕ್ ಬಿಚ್ಚಿ ಮಡಿಲಿಗೆ ಇಟ್ಟುಕೊಂಡರು, ನಮ್ಮ ಕೈಯಲ್ಲಿದ್ದ ಹಸ್ತಪ್ರತಿಯನ್ನು ಕೇಳಿ ತೆಗೆದುಕೊಂಡರು. ಕೊನೆಗೂ ಈ ಗ್ರಂಥಕ್ಕೆ ಅಧಿಕಾರಿ ಸಿಕ್ಕರೆಂದು ನಾವು ಉಬ್ಬಿದೆವು. ಅವರು ಹಾಳೆಗಳನ್ನು ಎರಡು ಮಡಿಕೆ ಮಡಿಚಿ, ಕಣ್ಣು ಮುಚ್ಚಿ, ಮುಖಕ್ಕೆ ಗಾಳಿ ಬೀಸಿಕೊಳ್ಳತೊಡಗಿದರು.

ಆಮೇಲೆ ಎದ್ದು ಹಿಂದಿರುಗಿಸುತ್ತ ಹೇಳಿದರು: "ಇನ್ನೊಂದ್ನಾಲ್ಕು ಹಾಳೆ ಜಾಸ್ತಿ ಬರೀಬೇಕಿತ್ತು ಮೇಷ್ಟ್ರೇ, ಗಾಳಿ ಚೆನ್ನಾಗಿ ಬರ್ತಿತ್ತು."

ಚಪಡನ ಭಾಗವನ್ನು ವಿಸ್ತರಿಸಲು ಅಂದೇ ರಾತ್ರಿ ಕೂತೆವು.